ಐದಕ್ಕೆ ಐದು

ಫೆಬ್ರವರಿ 3

ಅತ್ತಿಗೆ,

ಸಿಕ್ಕಿಬಿದ್ದಿರಿ! ನಿಮ್ಮೂರಿನ ಆಸ್ಪತ್ರೆ ಶಾಖೆಯಿಂದ ಜನವರಿಯ ಫಾರಂಗಳ ಕಟ್ಟು ನಿನ್ನೆ ಮುಖ್ಯ ಕಚೇರಿಯ ನಮ್ಮ ಎಣಿಕೆ ಕೋಣೆಗೆ ಬಂತು. ಅಭಿಪ್ರಾಯದ ಫಾರಂ ಮೇಲೆ ಹೆಸರು ಇರುವುದಿಲ್ಲ, ಇರಬಾರದು ಎಂಬುದೇ ನಿಯಮ. ಆದರೆ ವಯಸ್ಸಿನ ಜಾಗದಲ್ಲಿ ಮೂವತ್ತೇಳು ಎಂದು ಅಂಕಿಯಲ್ಲಿ ಬರೆದು, ಆ ಏಳರ ಸೊಂಟಕ್ಕೆ ಅಡ್ಡಗೆರೆ ಎಳೆಯುವವರು ಈ ಭೂಮಿಯ ಮೇಲೆ ನಿಮ್ಮನ್ನು ಬಿಟ್ಟು ಇನ್ಯಾರಿದ್ದಾರೆ? ಒಂದೂ ಏಳೂ ಕಲಸಿಹೋದರೆ ಕನ್ನಡಕದ ನಂಬರೇ ತಪ್ಪಿಹೋಗುತ್ತದೆ ಅಂತ ನೀವು ನನ್ನ ಶಾಲೆಯ ಪುಸ್ತಕದಲ್ಲೂ ಗೆರೆ ಎಳೆದು ಬೈಸಿದ್ದು ಮರೆತಿಲ್ಲ.

ಇಪ್ಪತ್ತೆರಡು ಪ್ರಶ್ನೆ. ಇಪ್ಪತ್ತೆರಡಕ್ಕೂ ಐದಕ್ಕೆ ಐದು! ಪಕ್ಕದ ಮೇಜಿನವಳಿಗೆ ತೋರಿಸಿ, "ನಮ್ಮತ್ತಿಗೆದು ಕಣೇ" ಅಂದೆ. ಆಗ ನನಗೆ ಎಷ್ಟು ಸಮಾಧಾನವಾಯಿತು ಗೊತ್ತಾ? ಮೊದಲ ಸಲ ಬೇರೆ ಕಡೆ ಮಾಡಿಸಿ ಗರ್ಭ ನಿಲ್ಲಲಿಲ್ಲ ಅಂದಾಗ ನಾನೇ ಮುಂದೆ ನಿಂತು ಈ ಆಸ್ಪತ್ರೆಗೆ ಸೇರಿಸಿದ್ದು. ಇಲ್ಲಿಗೆ ಬಂದ ಹೆಂಗಸರಲ್ಲಿ ನೂರಕ್ಕೆ ತೊಂಬತ್ತಾರು ಮಂದಿ ತೃಪ್ತರು, ನಾನೇ ಕೈಯಾರೆ ಎಣಿಸಿದ್ದು ಅಂತ ಅಮ್ಮನ ಹತ್ತಿರ ಬಡಾಯಿ ಕೊಚ್ಚಿದ್ದೆ. ಹೆಚ್ಚುಕಮ್ಮಿ ಆಗಿದ್ದರೆ ನಾನು ಯಾವ ಮುಖ ಇಟ್ಟುಕೊಂಡು ಮನೆಗೆ ಬರಲಿ?

ಈಗ ವಿಷಯಕ್ಕೆ ಬರುತ್ತೇನೆ. ಭ್ರೂಣ ಇಟ್ಟದ್ದು ಹನ್ನೆರಡಕ್ಕೆ. ರಕ್ತಪರೀಕ್ಷೆಯ ದಿನ ಕಳೆದು ಒಂದು ವಾರವಾಯಿತು. ಅಮ್ಮನಿಗೆ ಫೋನ್ ಮಾಡಿದರೆ "ಎಲ್ಲಾ ಚೆನ್ನಾಗಿದೀವಿ, ಇಡ್ತೀನಿ" ಎಂದು ಇಟ್ಟೇಬಿಟ್ಟರು. ಫೋನ್ ಇಡಲು ನಮ್ಮಮ್ಮನಿಗೆ ಇಷ್ಟು ಅವಸರ ಯಾವತ್ತೂ ಇರಲಿಲ್ಲ. ಅಣ್ಣನೂ ಅಷ್ಟೇ, ಹವಾಮಾನದ ವರದಿ ಓದಿ ಮುಗಿಸಿದ. ಮೂರು ತಿಂಗಳು ತುಂಬುವವರೆಗೆ ಹೊರಗೆ ಹೇಳಬಾರದು ಅಂತ ತಾನೆ? ನನ್ನ ಹತ್ತಿರವೂ ಗುಟ್ಟೇ? ಹೇಳದಿದ್ದರೆ ಪರವಾಗಿಲ್ಲ, ನಿಮ್ಮ ಕನ್ನಡಕದ ಅಂಗಡಿಯ ವಿಳಾಸಕ್ಕೇ ಬರೆಯುತ್ತಿದ್ದೇನೆ, ಅಮ್ಮನ ಕಿವಿ ಇಲ್ಲಿಗೆ ನಿಲುಕುವುದಿಲ್ಲ. ಒಂದು ಸಾಲು ಗೀಚಿ ಕಳಿಸಿ ಸಾಕು. ಉಲ್ಲನ್ ಯಾವ ಬಣ್ಣದ್ದು ತರಲಿ ಅಂತ ಆಮೇಲೆ ಕೇಳುತ್ತೇನೆ.

ನಿಮ್ಮ,
ಚೂಟಿ

ಫೆಬ್ರವರಿ 11

ಚೂಟಿ,

ಉಲ್ಲನ್ ತರಬೇಡ.

ಆಗಲಿಲ್ಲ. ಇಪ್ಪತ್ತೇಳಕ್ಕೇ ಗೊತ್ತಾಗಿದೆ. ಯಾರಿಗೆ ಗೊತ್ತಾಯಿತು ಅಂತ ಕೇಳು. ನಿನ್ನ ಆಸ್ಪತ್ರೆಯವರು ಫೋನ್ ಮಾಡಿದ್ದು ನಿಮ್ಮಣ್ಣನಿಗೆ. ರಕ್ತ ನನ್ನದು, ಸೂಜಿ ಚುಚ್ಚಿದ್ದು ನನ್ನ ತೋಳಿಗೆ, ಫಲಿತಾಂಶ ಹೇಳಲು ಮಾತ್ರ ಅವರ ನಂಬರು. ಬೆಳಿಗ್ಗೆ ಹನ್ನೊಂದಕ್ಕೆ ಅವರಿಗೆ ಗೊತ್ತು. ಅವರು ನಿಮ್ಮಮ್ಮನಿಗೆ ಹೇಳಿದರು. ನಾನು ಅಂಗಡಿಯಲ್ಲಿ ಮುದುಕರೊಬ್ಬರ ಲೆನ್ಸ್ ಉಜ್ಜುತ್ತಾ, ಹೊಟ್ಟೆಗೆ ಯಂತ್ರ ತಾಗಬಾರದು ಅಂತ ಅರ್ಧ ಮೊಳ ದೂರ ನಿಂತು ಬೆನ್ನು ನೋಯಿಸಿಕೊಳ್ಳುತ್ತಿದ್ದೆ. ಸಂಜೆ ಮನೆಗೆ ಹೋದರೆ ಇಬ್ಬರೂ ಊಟಕ್ಕೆ ಕೂತಿದ್ದರು. ನನ್ನ ತಟ್ಟೆ ಖಾಲಿಯಾಗುವವರೆಗೆ ಕಾದು ಆಮೇಲೆ ಹೇಳಿದರು. ಹೊಟ್ಟೆ ತುಂಬಿದ ಮೇಲೆ ಹೇಳಿದರೆ ನೋವು ಕಡಿಮೆ ಆಗುತ್ತದೆ ಅಂತ ಯಾವ ಪುಸ್ತಕದಲ್ಲಿ ಓದಿದರೋ.

ನಾಲ್ಕನೇ ದಿನ ನಿಮ್ಮಮ್ಮ, "ಮೂರನೇ ಸಲಕ್ಕೆ ದಿನ ಕೇಳಿದೀನಿ. ಏಪ್ರಿಲ್ ಏಳರಿಂದ ಸೂಜಿ ಶುರು ಮಾಡ್ತಾರಂತೆ" ಅಂದರು. ನನ್ನನ್ನು ಕೇಳಿದರಾ? ನನಗೆ ಬೇಡ ಅತ್ತೆ ಅಂದೆ. ಅವರು ಏನಂದರು ಅಂತ ನೀನೇ ಊಹಿಸು. "ನೂರಕ್ಕೆ ತೊಂಬತ್ತಾರು ಜನ ಖುಷಿಯಾಗಿದಾರಂತೆ, ನಿನಗೇನಮ್ಮ ಬಂತು? ನನ್ನ ಮಗಳು ಸುಳ್ಳು ಹೇಳ್ತಾಳಾ?"

ಆ ಉಳಿದ ನಾಲ್ಕು ಜನರಲ್ಲಿ ಒಬ್ಬಳಾಗಿ ಇರಲಿಕ್ಕೂ ನನಗೆ ಬಿಡುತ್ತಿಲ್ಲ ಕಣೇ ಈ ಮನೆ. ಇನ್ನು ಬರೆಯುವುದಿಲ್ಲ. ಗಿರಾಕಿ ಬಂದಿದ್ದಾರೆ.

ನಿನ್ನ ಅತ್ತಿಗೆ

ಫೆಬ್ರವರಿ 19

ಅತ್ತಿಗೆ,

ನನ್ನ ಕಾಗದ ನೆನೆಸಿಕೊಂಡರೆ ನಾಚಿಕೆಯಿಂದ ಸಾಯುವ ಹಾಗಾಗುತ್ತದೆ. ತಪ್ಪಾಯಿತು. ಉಲ್ಲನ್ ಅಂತೆ, ಉಲ್ಲನ್! ನನ್ನ ಬಾಯಿಗೆ ಬೀಗ ಹಾಕಬೇಕು.

ಫಲಿತಾಂಶ ಅಣ್ಣನಿಗೆ ಹೇಳಿದ್ದು ತಪ್ಪು. ಆದರೆ ದಾಖಲೆಯಲ್ಲಿ ಮೊದಲ ನಂಬರು ಯಾರದ್ದೋ ಅವರಿಗೆ ಫೋನ್ ಹೋಗುತ್ತದೆ, ಬೇಕೆಂದೇ ಮಾಡಿದ್ದಲ್ಲ. ನಿಮ್ಮ ನಂಬರು ಮೊದಲು ಹಾಕಿಸಲು ನಾನೇ ಹೇಳುತ್ತೇನೆ.

ಈಗ ನಿಮಗೆ ಬೇಸರ ಇರುವುದು ಸಹಜ. ಬೇಡ ಅನ್ನಿಸುವುದೂ ಸಹಜ. ನಮ್ಮಲ್ಲಿ ಇದಕ್ಕೆಂದೇ ಒಂದು ಪುಟ್ಟ ಪುಸ್ತಕ ಇದೆ, ಈ ಕಾಗದದ ಜೊತೆ ಇಟ್ಟಿದ್ದೇನೆ. ಎಂಟನೆಯ ಪುಟದಲ್ಲಿ ದೀರ್ಘವಾಗಿ ಉಸಿರಾಡುವುದು ಹೇಗೆ ಅಂತ ಇದೆ, ಹನ್ನೊಂದರಲ್ಲಿ ಸಂಜೆಯ ನಡಿಗೆ. ಎರಡು ಸಲ ಆಗದೆ ಮೂರನೆಯದಕ್ಕೆ ಆದವರು ಎಷ್ಟೋ ಜನ ಇದ್ದಾರೆ. ಅಮ್ಮ ಒರಟಾಗಿ ಹೇಳಿದರೂ ಅವರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ, ನಿಮಗೇ ಗೊತ್ತು.

ಒಂದು ಮಾತು ಹೇಳಲಾ? ಸಿಟ್ಟಾಗಬೇಡಿ. ಆಸ್ಪತ್ರೆಯ ಬಗ್ಗೆ ನಿಮಗೆ ಈಗ ಹೀಗೆ ಅನ್ನಿಸುತ್ತಿರುವುದು ಫಲಿತಾಂಶದ ಬೇಜಾರಿಗೆ. ಅಲ್ಲಿದ್ದಾಗ ನೀವು ಖುಷಿಯಾಗಿಯೇ ಇದ್ದಿರಿ. ಡಾಕ್ಟರು, ನರ್ಸು, ಕಾಳಜಿ, ಮಾತು, ಎಲ್ಲಕ್ಕೂ ಐದು ಕೊಟ್ಟಿದ್ದೀರಿ. ನಿಮ್ಮದೇ ಕೈಬರಹ, ನಾನೇ ನೋಡಿದ್ದೇನೆ. ಆ ಹೊತ್ತಿನ ಮನಸ್ಸನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ ಅತ್ತಿಗೆ. ಅದೇ ನಿಜವಾದದ್ದು ಅಂತ ನನಗನ್ನಿಸುತ್ತದೆ.

ನಿಮ್ಮ,
ಚೂಟಿ

ಫೆಬ್ರವರಿ 27

ಚೂಟಿ,

ನಿನ್ನ ಪುಸ್ತಕದಿಂದ ಅಂಗಡಿಯ ಅಲುಗಾಡುವ ಮೇಜಿನ ಕಾಲಿಗೆ ಒಳ್ಳೆಯದಾಯಿತು.

ನೆನಪು ಮಾಡಿಕೋ ಅಂದೆಯಲ್ಲ, ಮಾಡಿಕೊಂಡೆ. ಈಗ ನೀನು ಕೂತು ಓದು. ಪಕ್ಕದ ಮೇಜಿನವಳಿಗೂ ಓದಿ ಹೇಳು.

ಜನವರಿ ಏಳು, ಮೊಟ್ಟೆ ತೆಗೆಯುವ ದಿನ. ಮಂಪರು ಕೊಡುತ್ತೇವೆ, ಏನೂ ಗೊತ್ತಾಗುವುದಿಲ್ಲ ಅಂದಿದ್ದರು. ಕೊಟ್ಟರು, ಸಾಲಲಿಲ್ಲ. ಸೂಜಿ ಒಳಗೆ ಹೋದದ್ದು ಗೊತ್ತಾಯಿತು, ಒಂದು ಸಲ ಅಲ್ಲ, ಹನ್ನೊಂದು ಸಲ. ನಾನು ಎಣಿಸಿದ್ದೇನೆ, ಎಣಿಸುವುದು ನಿನಗೊಬ್ಬಳಿಗೇ ಬರುತ್ತದೆ ಅಂತ ತಿಳಿಯಬೇಡ. "ನೋವಾಗ್ತಿದೆ, ಸ್ವಲ್ಪ ನಿಲ್ಲಿಸಿ" ಅಂದೆ. ನಾಲಗೆ ಹೊರಳುತ್ತಿರಲಿಲ್ಲ, ಆದರೂ ಅಂದೆ. ಆಮೇಲೆ ಕೂಗಿಕೊಂಡೆ. ತಲೆಯ ಹತ್ತಿರ ನಿಂತಿದ್ದವಳು ಏನಂದಳು ಗೊತ್ತಾ? "ಇಷ್ಟಕ್ಕೇ ಹೀಗೆ ಕೂಗಿದ್ರೆ ನಾಳೆ ಹೆರೋದು ಹೇಗಮ್ಮ?" ಕೋಣೆಯಲ್ಲಿ ನಾಲ್ಕು ಜನ ಇದ್ದರು. ನಾಲ್ಕೂ ಜನ ನಕ್ಕರು. ಡಾಕ್ಟರಮ್ಮನ ಕೈ ಮಾತ್ರ ನಿಲ್ಲಲಿಲ್ಲ.

ಐದು ದಿನ ಕಳೆದು ಭ್ರೂಣ ಇಡುವ ದಿನ. ಒಂದು ಲೀಟರ್ ನೀರು ಕುಡಿಸಿ, ಮೂತ್ರಕ್ಕೆ ಬಿಡದೆ, ಸೊಂಟದ ಕೆಳಗೆ ಬಟ್ಟೆಯಿಲ್ಲದೆ ಮಲಗಿಸಿ ಎರಡೂ ಕಾಲನ್ನು ಮೇಲಕ್ಕೆ ಇಟ್ಟರು. ಡಾಕ್ಟರಮ್ಮ ಮೂರಡಿ ದೂರದಲ್ಲಿ ಗ್ಲೌಸ್ ಹಾಕಿಕೊಳ್ಳುತ್ತಿದ್ದಾರೆ. ಗೋಡೆಯಲ್ಲಿ ಒಂದು ಕಿಟಕಿ, ಅದರ ಆಚೆಯ ಲ್ಯಾಬಿನಲ್ಲಿ ನನ್ನ ಭ್ರೂಣ ಇದೆ. ಇರುವುದು ಒಂದೇ ಒಂದು. ಆಗ ಅದೇ ನರ್ಸು, ನಕ್ಕವಳು, ರಟ್ಟಿಗೆ ಸಿಕ್ಕಿಸಿದ ಫಾರಂ ನನ್ನ ಎದೆಯ ಮೇಲೆ ಇಟ್ಟು, "ಅಕ್ಕಾ, ಸುಮ್ನೆ ಮಲ್ಗಿದೀರಲ್ಲ, ಇದೊಂದು ತುಂಬಿಬಿಡಿ. ನಾನೇ ಹಿಡ್ಕೊಂಡಿರ್ತೀನಿ" ಅಂದಳು.

ಹದಿನಾಲ್ಕನೇ ಪ್ರಶ್ನೆ: ನಮ್ಮ ಸಿಬ್ಬಂದಿಯ ನಗುಮುಖ ನಿಮಗೆ ಹಿತವೆನಿಸಿತೇ?

ಹೇಳು ಚೂಟಿ, ನೀನಾಗಿದ್ದರೆ ಎಷ್ಟು ಕೊಡುತ್ತಿದ್ದೆ? ಇನ್ನೆರಡು ನಿಮಿಷಕ್ಕೆ ಆ ಹೆಂಗಸರ ಕೈಗೆ ನನ್ನ ಮಗು ಬರುತ್ತದೆ. ಮಗುವೋ ಚುಕ್ಕಿಯೋ, ನನಗೆ ಅದು ಮಗುವೇ. ಅವರ ಮುಖ ಗಂಟಾದರೆ, ಕೈ ಒಂದು ಎಳೆ ಅಲುಗಾಡಿದರೆ? ಮೂರು ಕೊಡಲಾ? ಎರಡು ಕೊಡಲಾ? ಐದು ಹಾಕಿದೆ ಕಣೇ. ಉಳಿದದ್ದನ್ನು ಓದಲೂ ಇಲ್ಲ, ಮೇಲಿಂದ ಕೆಳಗೆ ಐದು, ಐದು, ಐದು. ಇಪ್ಪತ್ಮೂರನೇ ಪ್ರಶ್ನೆ ಇದ್ದಿದ್ದರೆ ಅದಕ್ಕೆ ಹತ್ತು ಹಾಕುತ್ತಿದ್ದೆ. ಅದನ್ನು ನೀನು ಖುಷಿ ಅಂದೆ. ನಿಜವಾದ ಮನಸ್ಸು ಅಂದೆ. ಓದಿದಾಗ ನನ್ನ ಮೈಯೆಲ್ಲ ಉರಿದುಹೋಯಿತು.

ನಮ್ಮದು ಮೂರು ಕುರ್ಚಿಯ ಅಂಗಡಿ. ಕನ್ನಡಕ ಹಾಕಿಕೊಂಡು ಎಂಟು ದಿನ ನಡೆದಾಡಿ ಬನ್ನಿ, ತಲೆ ನೋಯುತ್ತದಾ, ಮೆಟ್ಟಿಲು ಎತ್ತರ ತಗ್ಗು ಕಾಣುತ್ತದಾ ಹೇಳಿ ಅನ್ನುತ್ತೇವೆ. ನೋಯುತ್ತದೆ ಅಂದರೆ ಬಾಯಿ ಮುಚ್ಚಿಕೊಂಡು ಮತ್ತೆ ಉಜ್ಜುತ್ತೇನೆ. ಫ್ರೇಮ್ ಆರಿಸುವಾಗಲೇ ಕಣ್ಣು ಚೆನ್ನಾಗಿ ಕಾಣುತ್ತಿದೆಯಾ ಅಂತ ಯಾರೂ ಕೇಳುವುದಿಲ್ಲ. ಅಷ್ಟು ದೊಡ್ಡ ಆಸ್ಪತ್ರೆಗೆ ಇಷ್ಟು ಬುದ್ಧಿ ಇಲ್ಲವಾ? ಇದೆ. ಬುದ್ಧಿ ಜಾಸ್ತಿಯೇ ಇದೆ. ಕಾಲು ಕಟ್ಟಿ ಮಲಗಿಸಿದ ಹೊತ್ತಿನಲ್ಲೇ ಆ ಫಾರಂ ಕೊಡಬೇಕು ಅಂತ ಯಾವನೋ ಯಾವಳೋ ಕೂತು ಯೋಚಿಸಿದ್ದಾರೆ. ಯಾರು ಅಂತ ವಿಚಾರಿಸಿ ಬರಿ. ಅವರ ಜೊತೆ ನನಗೆ ಎರಡು ಮಾತು ಆಡುವುದಿದೆ.

ನಿನ್ನ ಅತ್ತಿಗೆ

ಮಾರ್ಚ್ 6

ಅತ್ತಿಗೆ,

ನಿಮ್ಮ ಕಾಗದ ಓದಿದೆ. ನಿಮಗೆ ಅಷ್ಟು ನೋವಾದದ್ದು ನನಗೆ ಗೊತ್ತೇ ಇರಲಿಲ್ಲ. ಆ ನರ್ಸಿನ ಮೇಲೆ ದೂರು ಕೊಡೋಣ.

ಫಾರಂ ಯಾವಾಗ ಕೊಡಬೇಕು ಎನ್ನುವುದು ಹಳೆಯ ನಿಯಮ. ಮೇಲಿನವರು ಮಾಡಿದ್ದು, ಎಲ್ಲ ಶಾಖೆಗೂ ಒಂದೇ. ಯಾರು ಅಂತ ಈಗ ಹೇಳುವುದು ಕಷ್ಟ. ವಿಚಾರಿಸುತ್ತೇನೆ. ಇಲ್ಲಿ ತಿಂಗಳ ಕೆಲಸ ತಲೆಯ ಮೇಲೆ ಕೂತಿದೆ, ಅದಕ್ಕೇ ಚಿಕ್ಕ ಕಾಗದ.

ಚೂಟಿ

ಮಾರ್ಚ್ 12

ಚೂಟಿ,

ನೀನು ವಿಚಾರಿಸುವುದು ಬೇಡ. ನಾನೇ ವಿಚಾರಿಸಿಕೊಂಡು ಬಂದೆ.

ಹಳೆಯ ರಿಪೋರ್ಟು ತರುವ ನೆಪದಲ್ಲಿ ಸೋಮವಾರ ಶಾಖೆಗೆ ಹೋಗಿದ್ದೆ. ಅಲ್ಲೊಬ್ಬರು ಹಿರಿಯ ನರ್ಸು ಇದ್ದಾರೆ, ನಮ್ಮ ಅಂಗಡಿಯ ಗಿರಾಕಿ, ಓದುವ ಕನ್ನಡಕ ವರ್ಷಕ್ಕೆರಡು ಮುರಿಯುತ್ತಾರೆ. ಹೀಗೇ ಮಾತಿಗೆ ಕೇಳಿದೆ, ಫಾರಂ ಮೊದಲಿಂದಲೂ ಆ ಕೋಣೆಯಲ್ಲೇ ಕೊಡುತ್ತಿದ್ದಿರಾ ಅಂತ. "ಅಯ್ಯೋ ಇಲ್ಲಮ್ಮ. ಮುಂಚೆ ಎಲ್ಲಾ ಮುಗಿದ್ಮೇಲೆ ಮನೆಗೆ ಅಂಚೇಲಿ ಹೋಗ್ತಿತ್ತು. ಎರಡು ವರ್ಷ ಆಯ್ತು, ಮುಖ್ಯ ಕಚೇರಿಯಿಂದ ಒಬ್ಬಳು ಹುಡುಗಿ ಬಂದು ಯಾವ ಹೊತ್ತಲ್ಲಿ ಕೊಡ್ಬೇಕು, ಹೇಗೆ ಹಿಡ್ಕೋಬೇಕು ಅಂತ ನಮಗೆಲ್ಲ ಕಲ್ಸಿ ಹೋದ್ಲು. ಬಲು ಚುರುಕು. ಎಡಗೈಲಿ ಬರೀತಿದ್ಲು. ನಕ್ಕರೆ ಕಣ್ಣೇ ಕಾಣ್ತಿರ್ಲಿಲ್ಲ" ಅಂದರು.

ಎರಡು ವರ್ಷದ ಹಿಂದೆ ನೀನು ಕಚೇರಿ ಕೆಲಸ ಅಂತ ನಮ್ಮೂರಿಗೆ ಬಂದು ನಾಲ್ಕು ದಿನ ಇದ್ದೆ. ನನ್ನ ಪಕ್ಕದಲ್ಲೇ ಮಲಗಿದ್ದೆ. ಬೆಳಿಗ್ಗೆ ಹೊರಡುವಾಗ "ಅತ್ತಿಗೆ, ಇವತ್ತು ನಾನು ಟೀಚರ್" ಅಂತ ನನ್ನ ಸೀರೆ ಉಟ್ಟುಕೊಂಡು ಹೋದೆ. ನನ್ನ ಸೀರೆ!

ತಿಪ್ಪೆ ಸಾರಿಸಿದೆಯಲ್ಲೇ. ಹಳೆಯ ನಿಯಮವಂತೆ, ಮೇಲಿನವರಂತೆ. ನಾನು ಮದುವೆಯಾಗಿ ಈ ಮನೆಗೆ ಬಂದಾಗ ನೀನು ಒಂಬತ್ತನೇ ಕ್ಲಾಸು. ನಿನಗೆ ಮೊದಲ ಸಲ ಹೊರಗಾದಾಗ ನಿಮ್ಮಮ್ಮನಿಗೆ ಹೇಳಲು ಹೆದರಿ ನನ್ನ ಹತ್ತಿರ ಬಂದಿದ್ದೆ. ನಾನು ನಿನ್ನನ್ನು ನಾದಿನಿ ಅಂತ ಯಾವತ್ತೂ ನೋಡಲಿಲ್ಲ. ಆ ರಟ್ಟನ್ನು ನನ್ನ ಎದೆಯ ಮೇಲೆ ಇಟ್ಟವಳು ನರ್ಸಲ್ಲ, ನೀನು.

ಕೂಗಾಡಿ ಮುಗಿಸಿ ಸುಮ್ಮನಾಗುತ್ತಾಳೆ ಅಂತ ತಿಳಿಯಬೇಡ. ಸುಮ್ಮನಾಗಲು ನನಗೆ ಹೊತ್ತಿಲ್ಲ. ಏಪ್ರಿಲ್ ಏಳಕ್ಕೆ ಸೂಜಿ ಶುರು. ಈ ಮನೆಯಲ್ಲಿ ನಾನು ಬೇಡ ಅಂದರೆ ಹಟಮಾರಿ, ನಿನ್ನ ತೊಂಬತ್ತಾರು ಮಾತ್ರ ಸತ್ಯ. ನಿಮ್ಮಣ್ಣ ಅದನ್ನು ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದಾರೆ. ನಿಮ್ಮಮ್ಮ ಬಂದವರಿಗೆಲ್ಲ ಹೇಳುತ್ತಾರೆ. ನನ್ನ ಬಾಯಿ ಮುಚ್ಚಿಸಲು ಆ ಒಂದು ಸಂಖ್ಯೆ ಸಾಕಾಗಿದೆ.

ಅದನ್ನು ಹುಟ್ಟಿಸಿದವಳು ನೀನು, ನೀನೇ ಅದನ್ನು ಕೊಲ್ಲು. ನಿಮ್ಮಮ್ಮನಿಗೂ ಅಣ್ಣನಿಗೂ ಕಾಗದ ಬರಿ. ಆ ಲೆಕ್ಕ ಹೇಗೆ ಬಂತು, ಯಾರು ಮಾಡಿದ್ದು, ಎಲ್ಲ ಬರಿ. ಮಗಳು ದೊಡ್ಡ ಕೆಲಸದಲ್ಲಿದ್ದಾಳೆ ಅಂತ ಅವರು ಬೀಗುವುದು ನಿಲ್ಲುತ್ತದೆ, ನಿನಗೆ ಅವಮಾನ ಆಗುತ್ತದೆ, ಆಗಲಿ. ನನಗೆ ಆಗಿಲ್ಲವಾ?

ಅತ್ತಿಗೆ

ಮಾರ್ಚ್ 25

ಚೂಟಿ,

ಉತ್ತರ ಇಲ್ಲ. ನಿಮ್ಮಮ್ಮನಿಗೂ ಏನೂ ಬಂದಿಲ್ಲ, ದಿನಾ ಅಂಚೆಯವರನ್ನು ನಾನೇ ತಡೆದು ಕೇಳುತ್ತೇನೆ. ಸೂಜಿಯ ಪೆಟ್ಟಿಗೆ ಮನೆಗೆ ಬಂದಿದೆ. ಫ್ರಿಜ್ಜಿನ ಬಾಗಿಲು ತೆಗೆದರೆ ಮೊಸರಿನ ಪಕ್ಕದಲ್ಲೇ ಕೂತಿದೆ.

ಇನ್ನು ಹದಿಮೂರು ದಿನ.

ಮಾರ್ಚ್ 28

ಅತ್ತಿಗೆ,

ನಾನೇ. ನಿಯಮ ಮಾಡಿದ್ದು ನಾನೇ.

ಕ್ಷಮೆ ಕೇಳಲು ಬರೆಯುತ್ತಿಲ್ಲ, ನೀವು ಕೊಡಬೇಡಿ ಕೂಡ. ಆದರೆ ಹೇಗಾಯಿತು ಅಂತ ಒಮ್ಮೆ ಕೇಳಿ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಫಾರಂಗಳು ಫಲಿತಾಂಶ ಬಂದು ತಿಂಗಳಾದ ಮೇಲೆ ಮನೆಗೆ ಹೋಗುತ್ತಿದ್ದವು. ವಾಪಸು ಬಂದ ಲಕೋಟೆ ಒಡೆಯುವುದು ನನ್ನ ಕೆಲಸ. ಹತ್ತಕ್ಕೆ ಏಳು ಬರುತ್ತಲೇ ಇರಲಿಲ್ಲ. ಬಂದವುಗಳಲ್ಲೂ ಎಷ್ಟೋ ಫಾರಂಗಳಲ್ಲಿ ಅಂಕಿ ಇರುತ್ತಿರಲಿಲ್ಲ, ಬೈಗುಳ ಇರುತ್ತಿತ್ತು. ಒಬ್ಬಾಕೆ ಪ್ರಶ್ನೆಗಳನ್ನೆಲ್ಲ ಕತ್ತರಿಯಿಂದ ಕತ್ತರಿಸಿ ತೆಗೆದು, ಬರೀ ಚೌಕಟ್ಟು ಕಳಿಸಿದ್ದರು. ಇನ್ನೊಬ್ಬರು ಆಸ್ಪತ್ರೆಯಲ್ಲಿ ಕೈಗೆ ಕಟ್ಟುವ ಪಟ್ಟಿಯನ್ನು ಅಂಟಿಸಿ, "ಇದು ನಾಲ್ಕನೆಯದು" ಅಂತ ಬರೆದಿದ್ದರು. ದಿನಕ್ಕೆ ಮೂವತ್ತು, ನಲವತ್ತು. ಓದಿ ಓದಿ ನನಗೆ ಅನ್ನ ಸೇರುತ್ತಿರಲಿಲ್ಲ. ನಾನು ಆ ಹೆಂಗಸರ ಬಗ್ಗೆ ಯೋಚಿಸಲಿಲ್ಲ ಅತ್ತಿಗೆ, ನಿಜ ಹೇಳುತ್ತೇನೆ. ಈ ಲಕೋಟೆಗಳು ನಿಂತರೆ ಸಾಕು ಅಂತ ಯೋಚಿಸಿದೆ. ಆಸ್ಪತ್ರೆಯಲ್ಲಿ ಇರುವಾಗಲೇ ತುಂಬಿಸಿದರೆ ಎಲ್ಲರೂ ತುಂಬುತ್ತಾರೆ ಅಂತ ಮೀಟಿಂಗಿನಲ್ಲಿ ಹೇಳಿದೆ. ಯಾವ ಹೊತ್ತಿನಲ್ಲಿ ಅಂತ ಕೇಳಿದರು. ಭ್ರೂಣ ಇಡುವ ದಿನ, ಅವತ್ತು ಎಲ್ಲರ ಮುಖದಲ್ಲೂ ಆಸೆ ಇರುತ್ತದೆ ಅಂದೆ. ಚಪ್ಪಾಳೆ ತಟ್ಟಿದರು. ತೃಪ್ತರು ನೂರಕ್ಕೆ ಐವತ್ತೆಂಟು ಇದ್ದದ್ದು ತೊಂಬತ್ತಾರು ಆಯಿತು. ನನಗೆ ಸ್ವಂತ ಮೇಜು ಕೊಟ್ಟರು.

ಅದು ಆಸೆಯಲ್ಲ, ಹೆದರಿಕೆ ಅಂತ ನಿಮ್ಮ ಕಾಗದ ಓದುವವರೆಗೆ ನನಗೆ ಹೊಳೆದಿರಲಿಲ್ಲ. ಹೊಳೆದಿತ್ತೇನೋ. ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ.

ನೀವು ಯಾರು ಅಂತ ಕೇಳಿದಾಗ ಸುಳ್ಳು ಬರೆದೆ. ಅದನ್ನು ಅಂಚೆಗೆ ಹಾಕಿದ ಮಾರನೆಯ ದಿನ ಒಂದು ಕೆಲಸ ಮಾಡಿದೆ. ಕಳೆದ ವರ್ಷ ಆಗದೆ ಹೋದವರಲ್ಲಿ ಅರವತ್ತು ಹೆಂಗಸರ ವಿಳಾಸ ತೆಗೆದು ಅದೇ ಇಪ್ಪತ್ತೆರಡು ಪ್ರಶ್ನೆಗಳನ್ನು ಕಳಿಸಿದೆ. ಕಚೇರಿಗೆ ಬೇಡ, ನನ್ನ ಮನೆಯ ವಿಳಾಸಕ್ಕೆ ಬರೆಯಿರಿ, ಇಷ್ಟವಿಲ್ಲದಿದ್ದರೆ ಹರಿದು ಹಾಕಿ ಅಂದೆ. ವಿಳಾಸ ತೆಗೆದದ್ದೂ ತಪ್ಪೇ. ಆದರೆ ಬರೀ ನನ್ನ ಮಾತಿಗೆ ಅಮ್ಮ ಬಗ್ಗುವವರಲ್ಲ, ಲೆಕ್ಕಕ್ಕೆ ಲೆಕ್ಕವೇ ಬೇಕು. ನಿಮ್ಮ ಎರಡು ಕಾಗದಕ್ಕೂ ಉತ್ತರ ಬರೆಯದೆ ಅದಕ್ಕೇ ಕಾಯುತ್ತಿದ್ದೆ.

ನಲವತ್ತೊಂದು ಬಂದಿವೆ. ಒಬ್ಬರೂ ಎಲ್ಲಕ್ಕೂ ಐದು ಕೊಟ್ಟಿಲ್ಲ. ತೃಪ್ತಿ ಅಂದವರು ಆರು ಜನ. ಒಬ್ಬಾಕೆ, ನರ್ಸೊಬ್ಬರು ನನ್ನ ಕೈ ಹಿಡಿದುಕೊಂಡು ನಿಂತಿದ್ದರು, ಅವರಿಗೆ ಮಾತ್ರ ಐದು ಅಂತ ಬರೆದಿದ್ದಾರೆ. ಉಳಿದವರು ಬರೆದದ್ದನ್ನು ಇಲ್ಲಿ ಬರೆಯುವುದಿಲ್ಲ, ನಿಮಗೆ ಗೊತ್ತು. ಹತ್ತೊಂಬತ್ತು ಜನ ಕೂಗಿಕೊಂಡಿದ್ದಾರೆ, ನಿಲ್ಲಿಸಿ ಅಂದಿದ್ದಾರೆ. ಹತ್ತೊಂಬತ್ತು, ಅತ್ತಿಗೆ.

ನಿನ್ನೆ ಮುಖ್ಯಸ್ಥರ ಮೇಜಿನ ಮೇಲೆ ಅಷ್ಟನ್ನೂ ಇಟ್ಟೆ. "ಇದನ್ನ ಯಾರು ಕೇಳಿದ್ರು ನಿನ್ನ?" ಅಂದರು. ಎಣಿಕೆ ಕೋಣೆಯ ಬೀಗದ ಕೈ ಇಸಿದುಕೊಂಡರು. ಮುಂದೇನೋ ಗೊತ್ತಿಲ್ಲ. ಅಮ್ಮನಿಗೂ ಅಣ್ಣನಿಗೂ ಹತ್ತು ಪುಟ ಬರೆದಿದ್ದೇನೆ, ಇದರ ಜೊತೆಗೇ ಅಂಚೆಗೆ ಹಾಕುತ್ತೇನೆ. ಏನನ್ನೂ ಮುಚ್ಚಿಟ್ಟಿಲ್ಲ. ನಿಮ್ಮ ಸೀರೆ ಉಟ್ಟುಕೊಂಡು ಹೋದದ್ದನ್ನೂ ಬರೆದಿದ್ದೇನೆ.

ಚೂಟಿ

ಏಪ್ರಿಲ್ 4

ಚೂಟಿ,

ನಿನ್ನ ಕಾಗದ ಮನೆಗೆ ಬಂದದ್ದು ನಿನ್ನೆ. ಭಾನುವಾರವಾದರೆ ಮೂವರೂ ಇರುತ್ತಾರೆ ಅಂತ ನಿಮ್ಮಮ್ಮ ಒಡೆಯದೆ ಇಟ್ಟುಕೊಳ್ಳಲು ಹೊರಟರು. ನಾನು ಬಿಡಲಿಲ್ಲ. ಅಂಗಡಿಗೆ ರಜೆ ಹಾಕಿ, ನಿಮ್ಮಣ್ಣನನ್ನೂ ಕೆಲಸದಿಂದ ಕರೆಸಿ ಕೂರಿಸಿದೆ.

ಅತ್ತೆಯೇ ಓದಿದರು, ಗಟ್ಟಿಯಾಗಿ. ಮೊದಲ ಪುಟದಲ್ಲಿ ಮಗಳ ಅಕ್ಷರ ಎಷ್ಟು ದುಂಡಗಿದೆ ಅಂತ ಹೇಳುತ್ತಾ ಓದಿದರು. ಮೂರನೇ ಪುಟಕ್ಕೆ ದನಿ ಇಳಿಯಿತು. ಆರನೆಯದಕ್ಕೆ ಬಂದಾಗ, ಆ ಹತ್ತೊಂಬತ್ತು ಜನರ ಮಾತು ಬರೆದಿದ್ದೀಯಲ್ಲ, ಅಲ್ಲಿ ಕಾಗದ ಕೆಳಗಿಟ್ಟರು. ಉಳಿದದ್ದನ್ನು ಮನಸ್ಸಿನಲ್ಲೇ ಓದಿ ಮುಗಿಸಿದರು. ಆಮೇಲೆ ಕನ್ನಡಕ ತೆಗೆದು, ನನ್ನ ಕಡೆ ನೋಡದೆ, "ನಿನಗೂ ಹೀಗೇ ನೋವಾಗಿತ್ತೇನಮ್ಮ?" ಅಂದರು.

ಮೂರು ವರ್ಷ ಚೂಟಿ. ಎರಡು ಸಲ ಮಾಡಿಸಿ, ನೂರಾರು ಸೂಜಿ ಚುಚ್ಚಿಸಿಕೊಂಡರೂ ಈ ಮನೆಯಲ್ಲಿ ಯಾರೂ ಕೇಳದ ಪ್ರಶ್ನೆ. ಅವರ ಕಾಲಿಗೆ ಬಿದ್ದು ಅಳಬೇಕಿತ್ತೇನೋ. ನನಗೆ ಅಳು ಬರಲಿಲ್ಲ, ಎಲ್ಲಿಲ್ಲದ ಸಿಟ್ಟು ಬಂತು. "ಈಗ ಕೇಳ್ತೀರಾ? ನಲವತ್ತೊಂದು ಜನ ಗುರುತಿಲ್ಲದ ಹೆಂಗಸರು ಸಾಕ್ಷಿ ಹೇಳಿದ್ಮೇಲೆ ನನ್ನ ಕೇಳ್ತೀರಾ? ಒಂದೇ ಸೂರಿನ ಕೆಳಗೆ ಇದ್ದೆನಲ್ಲ ನಾನು!" ಅಂತ ಕೂಗಿದೆ. ಪಕ್ಕದ ಮನೆಯ ಕಿಟಕಿ ತೆಗೆದ ಸದ್ದಾಯಿತು, ತೆಗೆಯಲಿ ಅಂತ ಇನ್ನೂ ಜೋರಾಗಿ ಕೂಗಿದೆ. ಅತ್ತೆ ಕುರ್ಚಿಯಲ್ಲಿ ಕೂತು ಪೂರ್ತಿ ಕೇಳಿಸಿಕೊಂಡರು.

ಮಾತಾಡಿದ್ದು ನಿಮ್ಮಣ್ಣ. "ನಾನು ಹೊರಗಡೆ ಬೆಂಚ್ ಮೇಲೆ ಕೂತಿದ್ದೆ. ನೀನು ಕೂಗಿದ್ದು ಕೇಳಿಸ್ತು. ಎಲ್ಲರಿಗೂ ಹಾಗೇ ಆಗುತ್ತೇನೋ ಅಂದ್ಕೊಂಡೆ." ಗಂಡಂದಿರಿಗೂ ಒಂದು ಫಾರಂ ಇತ್ತಂತೆ, ಅದನ್ನು ಮೊಟ್ಟೆ ತೆಗೆಯುವ ದಿನವೇ ಕೊಟ್ಟಿದ್ದರಂತೆ, ಆ ಬೆಂಚಿನ ಮೇಲೆ ಕೂತೇ ಅವರೂ ಐದಕ್ಕೆ ಐದು ಹಾಕಿದರಂತೆ. ನನ್ನ ಕೂಗು ಕೇಳುತ್ತಾ ಕೇಳುತ್ತಾ. ನಿನ್ನೆಯಿಂದ ನಾನು ಅವರ ಜೊತೆ ಮಾತಾಡಿಲ್ಲ. ಆಡುತ್ತೇನೆ, ಎಲ್ಲಿಗೆ ಹೋಗುತ್ತೇನೆ? ಆದರೆ ಇವತ್ತಲ್ಲ.

ನಿನ್ನ ಮೇಲಿನ ಸಿಟ್ಟೂ ಇಳಿದಿಲ್ಲ. ಕಾಗದ ಬರೆದದ್ದಕ್ಕೆ ಶಹಬ್ಬಾಸ್ ಅನ್ನಿಸಿಕೊಳ್ಳಲು ಕಾಯಬೇಡ. ಕೆಲಸ ಹೋದರೆ ನೇರ ಇಲ್ಲಿಗೆ ಬಾ, ಎದುರಿಗೆ ಕೂರಿಸಿಕೊಂಡು ಬೈಯುವುದು ಬಹಳ ಇದೆ. ಆ ನಲವತ್ತೊಂದನ್ನೂ ತಾ. ಕೈ ಹಿಡಿದುಕೊಂಡು ನಿಂತಿದ್ದ ನರ್ಸು ಯಾವ ಶಾಖೆಯವಳು ಅಂತ ವಿಚಾರಿಸಿಕೊಂಡು ಬಾ. ನನಗೆ ಮಗು ಬೇಡವಾಗಿಲ್ಲ ಚೂಟಿ. ಬೇಕು ಅನ್ನುವುದು ಹಾಗೇ ಇದೆ, ಎದೆಯಲ್ಲಿ ಕೂತಿದೆ. ಆದರೆ ಕೇಳಿ ಕೈ ಹಾಕುವವರ ಹತ್ತಿರ, ನಾನು ನಿಲ್ಲಿಸಿ ಅಂದರೆ ನಿಲ್ಲಿಸುವವರ ಹತ್ತಿರ. ಅಂಥವರು ಸಿಗದಿದ್ದರೆ ಬೇಡವೇ ಬೇಡ.

ಇವತ್ತು ಬೆಳಿಗ್ಗೆ ಶಾಖೆಗೆ ನಾನೇ ಫೋನ್ ಮಾಡಿದೆ. ಅತ್ತೆ ಮಾಡುತ್ತೇನೆ ಅಂದರು, ನಿಮ್ಮಣ್ಣ ಮಾಡುತ್ತೇನೆ ಅಂದರು, ಕೊಡಲಿಲ್ಲ. ಏಳನೇ ತಾರೀಖಿನದು ರದ್ದು ಮಾಡಿ ಅಂದೆ. ಆ ಕಡೆಯ ಹುಡುಗಿ ಸಕ್ಕರೆಯಂಥ ದನಿಯಲ್ಲಿ, "ಕಾರಣ ಏನು ಹಾಕ್ಕೊಳ್ಳಲಿ ಮೇಡಂ? ಊರು ಬದಲಾವಣೆ, ಅನಾರೋಗ್ಯ, ಸ್ವಂತ ಕಾರಣ, ಮೂರೇ ಇರೋದು" ಅಂದಳು. ಮೂರೂ ಅಲ್ಲ ಅಂದೆ.

"ಹಾಗಾದ್ರೆ ಸ್ವಂತ ಕಾರಣ ಅಂತ ಹಾಕ್ತೀನಿ ಮೇಡಂ."

"ಸ್ವಂತದ್ದಲ್ಲಮ್ಮ, ನಿಮ್ದು. ನಿಮ್ಮ ಕಾರಣ ಅಂತ ಬರ್ಕೊ."

"ಅಂಥದ್ದು ಇಲ್ಲ ಮೇಡಂ."

"ಪಕ್ಕದಲ್ಲಿ ಬರಿ. ಜಾಗ ಇರುತ್ತೆ. ನಾನು ಕಾಯ್ತೀನಿ."

ಕಾದೆ. ಅವಳು ಬರೆದುಕೊಂಡು, ಬರೆದದ್ದನ್ನು ನನಗೆ ಓದಿ ಹೇಳುವವರೆಗೆ ಫೋನ್ ಇಡಲಿಲ್ಲ.

ನಿನ್ನ ಅತ್ತಿಗೆ